ಹಳೇ ಕಾರಿನ ಬಾಗಿಲೊಳಗಿನ ತುಕ್ಕು: ನೀರಿನ ಜಾಡು ಹಿಡಿದು

ಹಳೇ ಕಾರನ್ನು ತೊಳೆದಾದ ಮೇಲೆ ಅದರ ಬಾಗಿಲನ್ನು ಅರ್ಧ ತೆರೆದು ಮೆಲ್ಲಗೆ ಆಡಿಸಿ. ಒಳಗಿಂದ ಗುಳುಗುಳು ಸದ್ದು ಬಂದರೆ ಆ ಬಾಗಿಲು ಸದ್ಯಕ್ಕೆ ಒಂದು ನೀರಿನ ತೊಟ್ಟಿ. ಹೊರಗೆ ಬಣ್ಣ ಫಳಫಳ ಅಂತಿರಬಹುದು. ಆದರೆ ಈ ತುಕ್ಕು ಒಳಗಿಂದ ಹೊರಕ್ಕೆ ಬರುವಂಥದ್ದು. ಬಣ್ಣದ ಮೇಲೆ ಮೊದಲ ಗುಳ್ಳೆ ಕಾಣುವ ಹೊತ್ತಿಗೆ ತಗಡಿನ ಒಳಮೈ ಎಷ್ಟೋ ಕಾಲದಿಂದ ಸವೆಯುತ್ತಾ ಬಂದಿರುತ್ತದೆ.

ಈ ಕೆಲಸ ಕಲಿಯುತ್ತಾ ನಾನು ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು "ತುಕ್ಕಿಗೆ ಏನು ಹಚ್ಚಬೇಕು?" ಅಂತ. ಆ ಪ್ರಶ್ನೆಯಿಂದ ಶುರು ಮಾಡಿದರೆ ಡಬ್ಬಿಗಳ ಹೆಸರು ನೋಡಿಯೇ ತಲೆ ಕೆಡುತ್ತದೆ. ನೀರು ಎಲ್ಲಿಂದ ಒಳಗೆ ಬಂತು, ಎಲ್ಲಿ ನಿಂತಿತು, ಎಲ್ಲಿಂದ ಹೊರಗೆ ಹೋಗಬೇಕಿತ್ತು ಅಂತ ಕೇಳಿಕೊಳ್ಳಿ. ಏನು ಹಚ್ಚಬೇಕು ಅನ್ನುವುದು ಆಮೇಲಿನ ಮಾತು.

ನೀರು ಬರಲಿ ಅಂತಲೇ ಮಾಡಿದ ಬಾಗಿಲು

ಕಿಟಕಿ ಗಾಜು ಬಾಗಿಲೊಳಗೆ ಇಳಿಯುವ ಕಡೆ ಎರಡು ಬದಿಗೂ ರಬ್ಬರ್ ಬೀಡಿಂಗ್ ಇರುತ್ತದೆ. ಅದು ಗಾಜಿನ ಮೇಲಿನ ನೀರನ್ನು ಒರೆಸುತ್ತದೆ, ಪೂರ್ತಿ ತಡೆಯುವುದಿಲ್ಲ. ಹೊಚ್ಚ ಹೊಸ ಬೀಡಿಂಗ್ ಇದ್ದರೂ ಮಳೆಯಲ್ಲಿ ಒಂದಿಷ್ಟು ನೀರು ಒಳಗೆ ಇಳಿದೇ ಇಳಿಯುತ್ತದೆ. ಕಾರು ಮಾಡಿದವರಿಗೂ ಇದು ಗೊತ್ತಿತ್ತು. ಅದಕ್ಕೇ ಬಾಗಿಲಿನ ಅಡಿ ಅಂಚಿನಲ್ಲಿ ನೀರು ಹೋಗಲು ತೂತುಗಳನ್ನೋ ಸೀಳುಗಳನ್ನೋ ಬಿಟ್ಟಿರುತ್ತಾರೆ. ಒಳಗಿನ ಡೋರ್ ಪ್ಯಾಡ್ ಒದ್ದೆಯಾಗದಿರಲಿ ಅಂತ ಅದರ ಹಿಂದೆ ಪ್ಲಾಸ್ಟಿಕ್ ಹಾಳೆಯನ್ನೋ ಮೇಣ ಸವರಿದ ಕಾಗದವನ್ನೋ ಅಂಟಿಸಿರುತ್ತಾರೆ.

ಅಂದರೆ ನೀರು ಒಳಗೆ ಬಂದದ್ದು ದೋಷ ಅಲ್ಲ, ಹೊರಗೆ ಹೋಗದೆ ಇದ್ದದ್ದು ದೋಷ. ಗಾಜಿನ ಸಂದಿನಿಂದ ಎಲೆಚೂರು, ದೂಳು, ಒಣಗಿ ಉದುರಿದ ರಬ್ಬರ್ ಪುಡಿ ಎಲ್ಲ ಕೆಳಗೆ ಬಿದ್ದು ಕೆಸರಾಗುತ್ತದೆ. ತೂತು ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಲ ತೂತು ಮುಚ್ಚಿದವರು ಮನುಷ್ಯರೇ. ಹಿಂದೊಮ್ಮೆ ಬಣ್ಣ ಬಳಿದವರು ಅಡಿಯ ಸೀಳಿಗೂ ಸೀಲರ್ ತುಂಬಿ "ನೀಟಾಗಿದೆ" ಅಂತ ಕೊಟ್ಟು ಕಳಿಸಿರುತ್ತಾರೆ. ಆ ಹಸಿ ಕೆಸರು ತಿಂಗಳುಗಟ್ಟಲೆ ಒಣಗುವುದಿಲ್ಲ. ನಿಂತ ನೀರಿಗಿಂತ ಅದೇ ಜಾಸ್ತಿ ಕೆಟ್ಟದ್ದು, ಒದ್ದೆ ಬಟ್ಟೆಯನ್ನು ತಗಡಿಗೆ ಸುತ್ತಿಟ್ಟ ಹಾಗೆ.

ಮಡಿಕೆ: ನಿಜವಾದ ಅಡಗುತಾಣ

ಬಾಗಿಲು ಎರಡು ತಗಡಿನ ಜೋಡಣೆ. ಒಳಗಿನದು ಗಟ್ಟಿ ಚೌಕಟ್ಟು. ಹೊರಗಿನದು ಸುಮಾರು 1 ಮಿಲಿಮೀಟರ್ ಅಥವಾ ಅದಕ್ಕೂ ಕಮ್ಮಿ ದಪ್ಪದ ತಗಡು. ಹೊರ ತಗಡಿನ ಅಂಚನ್ನು ಒಳ ಚೌಕಟ್ಟಿನ ಅಂಚಿನ ಮೇಲೆ ಮಡಚಿ ಒತ್ತಿರುತ್ತಾರೆ, ಪುಸ್ತಕಕ್ಕೆ ಹೊದಿಕೆ ಹಾಕುವಾಗ ಕಾಗದದ ಅಂಚನ್ನು ಒಳಕ್ಕೆ ಮಡಚುತ್ತೇವಲ್ಲ, ಹಾಗೆ. ಈ ಮಡಿಕೆಯೊಳಗೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಬಟ್ಟೆಯ ತುದಿ ಬಕೆಟ್ಟಿನ ನೀರನ್ನು ಹೀರಿಕೊಂಡ ಹಾಗೆ ಆ ಸಂದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿಗೆ ಗಾಳಿ ಆಡುವುದಿಲ್ಲ, ಬ್ರಷ್ ಹೋಗುವುದಿಲ್ಲ. ಹಳೇ ಕಾಲದ ಪ್ರೈಮರ್ ಕೂಡ ಅಲ್ಲಿಗೆ ಸರಿಯಾಗಿ ತಲುಪಿರಲಿಲ್ಲ.

ಗಾಳಿ ಆಡದ ಕಡೆ ತುಕ್ಕು ಕಮ್ಮಿ ಇರಬೇಕಲ್ವಾ ಅಂತ ನನಗೂ ಅನಿಸಿತ್ತು. ತುಕ್ಕಿಗೆ ಆಮ್ಲಜನಕ ಬೇಕು ತಾನೇ? ಇದಕ್ಕೆ ಉತ್ತರ ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಎವನ್ಸ್ ಮಾಡಿ ತೋರಿಸಿದ ಹನಿ ಪ್ರಯೋಗದಲ್ಲಿದೆ. ಅದನ್ನು ನೀವೂ ಮಾಡಬಹುದು. ಒಂದು ಕಬ್ಬಿಣದ ತುಂಡನ್ನು ಉಪ್ಪು ಕಾಗದದಿಂದ ಹೊಳೆಯುವ ಹಾಗೆ ಉಜ್ಜಿ, ಅದರ ಮೇಲೆ ಒಂದು ದೊಡ್ಡ ಹನಿ ಉಪ್ಪುನೀರು ಇಡಿ. ಕೆಲವು ಗಂಟೆ ಬಿಟ್ಟು ನೋಡಿ. ಹನಿಯ ಅಂಚಿನಲ್ಲಿ ಆಮ್ಲಜನಕ ಧಾರಾಳ, ಆದರೂ ಅಲ್ಲಿ ಲೋಹ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆಮ್ಲಜನಕ ಕಮ್ಮಿ ಇರುವ ನಡುಭಾಗವೇ ಕರಗುತ್ತದೆ. ಎರಡರ ಮಧ್ಯೆ ಕಂದು ಉಂಗುರ ಕೂರುತ್ತದೆ. ಲೋಹ ಕರಗುವ ಜಾಗ ಬೇರೆ, ಆಮ್ಲಜನಕ ಖರ್ಚಾಗುವ ಜಾಗ ಬೇರೆ. ಎರಡರ ನಡುವೆ ವಿದ್ಯುತ್ ಹರಿಯುತ್ತದೆ, ಪುಟ್ಟ ಬ್ಯಾಟರಿಯ ಹಾಗೆ. ಉಪ್ಪು ಇದ್ದರೆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೆಲಸ ಇನ್ನೂ ಚುರುಕಾಗುತ್ತದೆ.

ಈ ಹನಿಯ ಜಾಗದಲ್ಲಿ ಬಾಗಿಲಿನ ಮಡಿಕೆಯನ್ನು ಇಟ್ಟು ನೋಡಿ. ಸಂದಿನ ಬಾಯಿ ಅಂದರೆ ಹನಿಯ ಅಂಚು, ಸಂದಿನ ಆಳ ಅಂದರೆ ಹನಿಯ ನಡು. ಆಳದಲ್ಲೇ ಲೋಹ ಕರಗುತ್ತದೆ. ಕಬ್ಬಿಣ ತುಕ್ಕಾದಾಗ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಮಡಿಕೆ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಮೇಲೆ ಇನ್ನಷ್ಟು ನೀರು.

ತಯಾರಕರು ಇದಕ್ಕೆ ದಾರಿ ಕಂಡುಕೊಂಡದ್ದು ತಡವಾಗಿ. ಪೋರ್ಷೆ 911ರ ಬಾಡಿಗೆ ಎರಡೂ ಬದಿ ಸತು ಲೇಪಿಸಿದ ಉಕ್ಕು ಬಂದದ್ದು 1976ರ ಮಾಡೆಲ್‌ನಿಂದ. ಅದಕ್ಕೂ ಹಿಂದಿನ ಬಹುಪಾಲು ಕಾರುಗಳಲ್ಲಿ ಮಡಿಕೆಯೊಳಗೆ ಬರೀ ತಗಡು ಅಂತಲೇ ಅಂದುಕೊಂಡು ಕೆಲಸ ಶುರು ಮಾಡಿ. ಲ್ಯಾಂಡ್ ರೋವರ್‌ನ ಕಥೆ ಬೇರೆ. 1948ರಿಂದ ಬಂದ ಆ ಗಾಡಿಗಳಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಹೊರಮೈ ಇರುವುದರಿಂದ ತುಕ್ಕೇ ಇಲ್ಲ ಅಂತ ಕೆಲವರು ನಂಬುತ್ತಾರೆ. ಬಾಗಿಲಿನ ಒಳ ಚೌಕಟ್ಟು ಉಕ್ಕಿನದು. ಎರಡು ಲೋಹ ತಾಗಿದ ಕಡೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಬಣ್ಣ ಕಂದು ಅಲ್ಲ, ಅಷ್ಟೇ.

ಪತ್ತೆ ಹಚ್ಚುವುದು

ಬಾಗಿಲು ತೆರೆದು, ನೆಲದ ಮೇಲೆ ಕೂತು, ಅಡಿ ಅಂಚನ್ನು ಟಾರ್ಚ್ ಹಾಕಿ ನೋಡಿ. ತೂತಿನಿಂದ ಕಂದು ಗೆರೆ ಇಳಿದಿದೆಯಾ? ಮಡಿಕೆ ಅಲ್ಲಲ್ಲಿ ಉಬ್ಬಿದೆಯಾ? ಬೆರಳು ಸವರಿದರೆ ಅಂಚು ನೇರವಾಗಿ ಸಿಗಬೇಕು, ಏರಿಳಿತ ಸಿಕ್ಕರೆ ಅನುಮಾನ ಪಡಿ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗದ ಮೇಲೆ ಸರಿಸುತ್ತಾ ಹೋಗಿ. ಹಿಡಿತ ಸಡಿಲವಾದ ಕಡೆ ತಗಡಿನ ಮೇಲೆ ಪುಟ್ಟಿ ದಪ್ಪವಾಗಿದೆ ಅಥವಾ ತಗಡೇ ಇಲ್ಲ. ಬೆರಳ ಗಿಣ್ಣಿನಿಂದ ತಟ್ಟಿದರೂ ಪುಟ್ಟಿ ಇರುವ ಕಡೆ ಸದ್ದು ಮೊದ್ದಾಗಿ ಬರುತ್ತದೆ. ಫೋನಿಗೆ ಜೋಡಿಸುವ ಹಾವಿನಂಥ ಕ್ಯಾಮೆರಾ ಸಿಕ್ಕರೆ ಅಡಿಯ ತೂತಿನಿಂದಲೇ ಒಳಗೆ ತೂರಿಸಿ ನೋಡಬಹುದು.

ಬಾಗಿಲು ಬಿಚ್ಚುವುದು

ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿ ಆಮೇಲೆ ಕೈ ಹಾಕಿ. ಗಾಜು ಏರಿಸುವ ಹ್ಯಾಂಡಲ್ ಕೆಲವದರಲ್ಲಿ ಸ್ಕ್ರೂ ಹಾಕಿ ಕೂರಿಸಿದ್ದು, ಕೆಲವದರಲ್ಲಿ ಹಿಂದೆ ಕುದುರೆ ಲಾಳದಂಥ ಪುಟ್ಟ ಕ್ಲಿಪ್. ಈ ಕ್ಲಿಪ್ ತೆಗೆಯಲು ಸ್ಕ್ರೂಡ್ರೈವರ್ ತುರುಕಿ ಡೋರ್ ಪ್ಯಾಡ್ ಹರಿದವರು ಬಹಳ. ಹಳೇ ಬಟ್ಟೆಯ ಉದ್ದ ಪಟ್ಟಿಯೊಂದನ್ನು ಹ್ಯಾಂಡಲ್ ಹಿಂದೆ ಸುತ್ತಿಸಿ ಎರಡೂ ತುದಿ ಹಿಡಿದು, ಬೆನ್ನು ಉಜ್ಜಿಕೊಳ್ಳುವ ಹಾಗೆ ಆಚೆ ಈಚೆ ಎಳೆಯಿರಿ. ಬಟ್ಟೆ ಕ್ಲಿಪ್‌ನ ತುದಿಗೆ ಸಿಕ್ಕಿ ಅದನ್ನು ಹೊರಗೆ ಎಗರಿಸುತ್ತದೆ. ಎಲ್ಲಿ ಬೀಳುತ್ತೆ ಅಂತ ನೋಡಿಕೊಂಡಿರಿ, ಇಲ್ಲದಿದ್ದರೆ ಅರ್ಧ ದಿನ ಅದನ್ನು ಹುಡುಕುವುದರಲ್ಲೇ ಹೋಗುತ್ತದೆ.

ಹಳೇ ಬಣ್ಣದಲ್ಲಿ ಸೀಸ ಇರಬಹುದು, ಸದ್ದು ತಡೆಯಲು ಅಂಟಿಸಿದ ಹಳೇ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದು ಏನು ಅಂತ ಖಾತ್ರಿ ಇಲ್ಲದಿದ್ದರೆ ಆ ಪ್ಯಾಡ್ ಕೆರೆಯಲು ಹೋಗಬೇಡಿ. ಬಣ್ಣವನ್ನು ನೀರು ತಾಗಿಸದೆ ಉಜ್ಜಿ ದೂಳೆಬ್ಬಿಸಬೇಡಿ. ಒಳ್ಳೆಯ ಮಾಸ್ಕ್ ಮತ್ತು ಕನ್ನಡಕ ಹಾಕಿಯೇ ಕೂರಿ.

ತುಕ್ಕು ತೆಗೆಯುವುದು, ಮತ್ತು ನಾನು ಮಾಡಿದ ತಪ್ಪು

ಮೊದಲು ಕೆಸರು ಎತ್ತಿ. ಆಮೇಲೆ ಹಕ್ಕಳೆ ಎದ್ದ ತುಕ್ಕನ್ನು ಕೆರೆಯಿರಿ, ವೈರ್ ಬ್ರಷ್ ಹಾಕಿ. ಇದು ಬೇಸರದ ಕೆಲಸ, ಆದರೆ ಇಲ್ಲಿ ಹಾಕಿದ ಅರ್ಧ ದಿನಕ್ಕೆ ಯಾವ ಡಬ್ಬಿಯೂ ಸಾಟಿ ಅಲ್ಲ. ನೀರು ಹಾಯಿಸಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು, ಬಿಸಿಲಲ್ಲೋ ಹೀಟ್ ಗನ್‌ನಿಂದಲೋ ಒಣಗಿಸಿ. ಮಡಿಕೆ ಒಣಗಲು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ತಗಡು ಮುಟ್ಟಲು ಬೆಚ್ಚಗಾಗಿ ಸ್ವಲ್ಪ ಹೊತ್ತು ಹಾಗೇ ಇರಬೇಕು.

ಇನ್ನು ಔಷಧಿ. ರಸ್ಟ್ ಕನ್ವರ್ಟರ್ ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲವೋ ಫಾಸ್ಫಾರಿಕ್ ಆಮ್ಲವೋ ಇರುತ್ತದೆ. ಟ್ಯಾನಿಕ್ ಆಮ್ಲ ತುಕ್ಕಿನೊಂದಿಗೆ ಸೇರಿ ನೀಲಿಗಪ್ಪು ಪದರ ಆಗುತ್ತದೆ, ಫಾಸ್ಫಾರಿಕ್ ಆಮ್ಲ ಕಬ್ಬಿಣದ ಫಾಸ್ಫೇಟ್ ಆಗಿಸುತ್ತದೆ. ಇವಕ್ಕೆ ಕೆಲಸ ಮಾಡಲು ತೆಳುವಾದ, ಗಟ್ಟಿಯಾಗಿ ಅಂಟಿಕೊಂಡ ತುಕ್ಕು ಬೇಕು. ಹೊಳೆಯುವ ತಗಡಿನ ಮೇಲೆ ಕನ್ವರ್ಟರ್‌ಗೆ ಹಿಡಿಯಲು ಏನೂ ಇಲ್ಲ. ದಪ್ಪ ಹಕ್ಕಳೆಯ ಮೇಲೆ ಹಚ್ಚಿದರೆ ಮೇಲ್ಪದರ ಮಾತ್ರ ಕಪ್ಪಾಗಿ, ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ತಾನು ನಡೆಯುತ್ತದೆ.

ನಾನು ಮೊದಲ ಬಾಗಿಲಿನಲ್ಲಿ ಜಾಣತನ ತೋರಿಸಲು ಹೋದೆ. ಮಡಿಕೆಯೊಳಗೂ ಹೋಗಲಿ ಅಂತ ನೀರಿನಂಥ ಫಾಸ್ಫಾರಿಕ್ ಆಮ್ಲವನ್ನು ಸಿರಿಂಜಿನಲ್ಲಿ ಧಾರಾಳವಾಗಿ ಹರಿಸಿದೆ. ಒಳಗೆ ಹೋಯಿತು, ಸರಿ. ಹೊರಗೆ ಬರಲಿಲ್ಲ. ತೊಳೆದೆ ಅಂದುಕೊಂಡಿದ್ದೆ. ಪ್ರೈಮರ್, ಬಣ್ಣ ಎಲ್ಲ ಚೆನ್ನಾಗಿ ಬಂತು. ಕೆಲವು ತಿಂಗಳಿಗೆ ಅಡಿ ಅಂಚಿನುದ್ದಕ್ಕೂ ಸಾಸಿವೆ ಕಾಳಿನಷ್ಟು ಗುಳ್ಳೆಗಳ ಸಾಲು. ಒಂದನ್ನು ಪಿನ್ನಿನಿಂದ ಚುಚ್ಚಿದರೆ ಅಂಟಂಟು ಹನಿ ಜಿನುಗಿತು. ಸಂದಿನಲ್ಲಿ ಉಳಿದ ಆಮ್ಲ ಬಣ್ಣವನ್ನು ಎಬ್ಬಿಸಿತ್ತು. ಇಡೀ ಬಾಗಿಲನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿಸುವವರಿಗೂ ಇದೇ ಅಪಾಯ ಇದೆ. ಅಂದಿನಿಂದ ತೊಳೆದು ತೆಗೆಯಲು ಆಗದ ಜಾಗಕ್ಕೆ ಆಮ್ಲ ಹಾಕುವುದನ್ನು ಬಿಟ್ಟೆ. ಬಾಗಿಲಿನ ತೆರೆದ ಒಳಮೈಗೆ ಕನ್ವರ್ಟರ್, ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್. ಮಡಿಕೆಗೆ ಮೇಣ ಮಾತ್ರ.

ಸತುವಿನ ಪ್ರೈಮರ್ ಬಗ್ಗೆ ಒಂದು ಮಾತು. ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ, ಅದಕ್ಕೆ ಶುದ್ಧ ಉಕ್ಕನ್ನು ನೇರವಾಗಿ ಮುಟ್ಟಿಕೊಂಡಿರಬೇಕು. ತುಕ್ಕಿನ ಮೇಲೆ ಸತು ಬಳಿದರೆ ಸುಮ್ನೆ ದುಬಾರಿ ಬೂದು ಬಣ್ಣ ಬಳಿದ ಹಾಗೆ.

ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ತೆಗೆಯುವ ವಿಧಾನ ಬ್ರಾಕೆಟ್ಟು, ಹಿಂಜಿನಂಥ ಬಿಡಿ ಭಾಗಗಳಿಗೆ ಚೆನ್ನ. ಮಡಿಕೆಯ ಆಳಕ್ಕೆ ಅದರ ಪ್ರಭಾವ ಸರಿಯಾಗಿ ಮುಟ್ಟುವುದಿಲ್ಲ. ಮಾಡುವುದಾದರೆ ಬಯಲಿನಲ್ಲಿ ಮಾಡಿ, ಏಕೆಂದರೆ ಹೈಡ್ರೋಜನ್ ಬರುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಪ್ಲಸ್ ತಂತಿಗೆ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ.

ತೂತೇ ಬಿದ್ದಿದ್ದರೆ

ಪುಟ್ಟಿ ತುಂಬಬೇಡಿ. ಹಿಂದೆ ತಗಡಿಲ್ಲದ ಪುಟ್ಟಿ ತೇವ ಹೀರುತ್ತದೆ, ಬೇಗ ಉದುರುತ್ತದೆ. ಕೊಳೆತ ಪಟ್ಟಿಯನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕು. ಇದು ಟಿಂಕರಿಂಗ್ ಬಲ್ಲವರ ಕೆಲಸ. ತೆಳು ತಗಡು ಒಂದೇ ಉಸಿರಿಗೆ ಬೆಸೆದರೆ ಸೊಟ್ಟಗಾಗುತ್ತದೆ, ಚುಕ್ಕೆ ಚುಕ್ಕೆಯಾಗಿ ಆರಿಸುತ್ತಾ ಬೆಸೆಯಬೇಕು. ಗಾಜನ್ನು ಮೊದಲೇ ತೆಗೆದಿಡಿ, ಕಿಡಿ ಬಿದ್ದರೆ ಗಾಜಿನಲ್ಲಿ ಸಣ್ಣ ಗುಳಿ ಬೀಳುತ್ತದೆ, ಅದನ್ನು ಉಜ್ಜಿ ತೆಗೆಯಲಾಗದು.

ಮೇಣ ಹಾಕುವುದು

ಕ್ಯಾವಿಟಿ ವ್ಯಾಕ್ಸ್ ಅನ್ನುವುದು ದ್ರಾವಕದಲ್ಲಿ ಕರಗಿಸಿದ ಮೇಣ, ಜೊತೆಗೆ ತುಕ್ಕು ತಡೆಯುವ ರಾಸಾಯನಿಕ. ಬಣ್ಣದ ಹಾಗೆ ಗಟ್ಟಿಯಾಗಿ ಸೀಳು ಬಿಡುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಇದು ಎಲ್ಲ ಮುಗಿದ ಮೇಲಿನ ಕೆಲಸ. ವೆಲ್ಡಿಂಗ್ ಮುಂಚೆ ಹಾಕಿದರೆ ಬೆಂಕಿ ಹತ್ತುತ್ತದೆ. ಪೇಂಟಿಂಗ್ ಮುಂಚೆ ಹಾಕಿದರೆ ಮೇಣ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಬೆಚ್ಚಗಿನ ದಿನ ಆರಿಸಿಕೊಳ್ಳಿ, 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. ಚಳಿಯಲ್ಲಿ ಮೇಣ ಹರಿಯುವುದಿಲ್ಲ. ಬಾಗಿಲು ಕಾರಿಗೆ ಹಾಕಿದ ಹಾಗೇ ನೆಟ್ಟಗಿರಲಿ, ಆಗ ಮೇಣ ತಾನಾಗಿ ಕೆಳಗಿನ ಮಡಿಕೆಗೆ ಇಳಿಯುತ್ತದೆ. ಗಾಜು ಮತ್ತು ಅದು ಜಾರುವ ಫೆಲ್ಟ್ ಪಟ್ಟಿಗೆ ಕಾಗದ ಮುಚ್ಚಿ. ಲಾಕಿಗೂ ಮೇಣ ಬೀಳದಿರಲಿ, ಅದಕ್ಕೆ ಅದರದೇ ಗ್ರೀಸ್ ಇದೆ. ಸುತ್ತಲೂ ಸಿಂಪಡಿಸುವ ನಾಝಲ್ ಇರುವ ಉದ್ದ ಪೈಪನ್ನು ಬಾಗಿಲಿನ ಕೊನೆವರೆಗೆ ತೂರಿಸಿ, ಒತ್ತಿ ಹಿಡಿದು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಮೊದಲ ಕೈ ತೆಳು ಮೇಣದ್ದು, ಸಂದಿನೊಳಗೆ ನುಸುಳಲು. ಅಡಿಯ ಅಂಚನ್ನು ನೋಡುತ್ತಿರಿ. ಮಡಿಕೆಯ ಹೊರಗಿನಿಂದ ಮೇಣ ಬೆವರಿನ ಹಾಗೆ ಜಿನುಗಿದರೆ ಅದು ಆಚೆ ಬದಿ ತಲುಪಿದೆ ಅಂತ ಲೆಕ್ಕ. ದ್ರಾವಕ ಆರಿದ ಮೇಲೆ ಎರಡನೇ ಕೈ, ದಪ್ಪದ್ದು. ದ್ರಾವಕದ ಹಬೆಗೆ ಬೆಂಕಿ ಹತ್ತುವ ಅಪಾಯ ಇರುವುದರಿಂದ ಗಾಳಿ ಆಡುವ ಕಡೆಯೇ ಕೆಲಸ ಮಾಡಿ.

ಮೇಣದ ಬದಲು ಎಣ್ಣೆ ಹೊಡೆಯುವವರೂ ಇದ್ದಾರೆ. ಎಣ್ಣೆ ಚೆನ್ನಾಗಿ ನುಸುಳುತ್ತದೆ, ಆದರೆ ಬೇಗ ಇಳಿದು ಹೋಗುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ನನ್ನ ಮತ ಮೇಣಕ್ಕೇ.

ಮೇಣ ಹೊಡೆದಾದ ತಕ್ಷಣ ಅಡಿಯ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಇದನ್ನು ಮರೆತರೆ ಮಾಡಿದ್ದೆಲ್ಲ ತಿರುಗುಮುರುಗು. ಸ್ಕ್ರೂಡ್ರೈವರ್ ತುರುಕಬೇಡಿ, ಹೊಸ ಪ್ರೈಮರ್ ಕೆರೆದು ಹೋಗುತ್ತದೆ. ಆಮೇಲೆ ಒಂದು ಲೋಟ ನೀರನ್ನು ಗಾಜಿನ ಸಂದಿನಿಂದ ಸುರಿದು ನೋಡಿ. ಅಷ್ಟೂ ನೀರು ಕೆಲವೇ ಕ್ಷಣದಲ್ಲಿ ಕೆಳಗೆ ಬರಬೇಕು. ಹರಿದ ಪ್ಲಾಸ್ಟಿಕ್ ಹಾಳೆ ಬದಲಿಸಿ ಅಂಟಿಸುವಾಗ ಅದರ ಕೆಳ ಅಂಚು ಬಾಗಿಲಿನ ಒಳಕ್ಕೆ ಹೋಗಿರಲಿ. ಹೊರಗೆ ಬಿಟ್ಟರೆ ನೀರು ಪ್ಯಾಡಿನ ಮೇಲೆ, ಅಲ್ಲಿಂದ ಕಾರಿನ ನೆಲಕ್ಕೆ.

ಕಾರು ತೊಳೆದ ದಿನ ಬಾಗಿಲುಗಳನ್ನು ಸ್ವಲ್ಪ ಹೊತ್ತು ತೆರೆದಿಡಿ. ಗಾಜಿನ ಬೀಡಿಂಗ್‌ಗೆ ನೇರವಾಗಿ ಪ್ರೆಷರ್ ನೀರು ಹಿಡಿಯಬೇಡಿ. ನಿಲ್ಲಿಸಿಟ್ಟ ಗಾಡಿಗೆ ಪ್ಲಾಸ್ಟಿಕ್ ಟಾರ್ಪಾಲ್ ಬೇಡ, ಉಸಿರಾಡುವ ಬಟ್ಟೆ ಹೊದಿಕೆ ಸಾಕು. ಡೋರ್ ಪ್ಯಾಡ್ ಮತ್ತೆ ಕೂರಿಸುವ ಮುಂಚೆ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಕು, ಯಾವ ಮೇಣ, ಎಷ್ಟು ಕೈ ಅಂತ ಬರೆದಿಡಿ. ಮುಂದಿನ ಸಲ ಅದನ್ನು ಬಿಚ್ಚುವವರು ನೀವೇ ಆಗಿರಬಹುದು, ಬೇರೆಯವರೂ ಆಗಿರಬಹುದು.