ಗೀಟೇ ತಪ್ಪು ಎಂದರು: ಕೆವಿನ್ ಓನೀಲ್ ಚಿತ್ರಗಳ ತಕರಾರು

1986ರಲ್ಲಿ ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆ ‘ಟೈಗರ್ಸ್’ ಎಂಬ ಚಿಕ್ಕ ಕತೆಯೊಂದರ ಪುಟಗಳನ್ನು ಪರಿಶೀಲನೆಗೆ ಕಳಿಸಿತು. ಕತೆ ಆಲನ್ ಮೂರ್ ಅವರದು, ಚಿತ್ರ ಕೆವಿನ್ ಓನೀಲ್ ಅವರದು. ಗ್ರೀನ್ ಲ್ಯಾಂಟರ್ನ್ ಪಡೆಯ ಯೋಧನೊಬ್ಬ ದೆವ್ವಗಳ ಗ್ರಹಕ್ಕೆ ಇಳಿದು, ಅಲ್ಲಿ ಸೆರೆಯಲ್ಲಿರುವ ಒಂದರ ಬಾಯಿಂದ ತನ್ನ ಭವಿಷ್ಯ ಕೇಳಿಸಿಕೊಳ್ಳುತ್ತಾನೆ. ಪ್ರಕಾಶಕರೇ ಕಟ್ಟಿಕೊಂಡ ಪರಿಶೀಲನಾ ಮಂಡಳಿಯಾದ ಕಾಮಿಕ್ಸ್ ಕೋಡ್ ಅಥಾರಿಟಿ ಇದಕ್ಕೆ ಮೊಹರು ಒತ್ತಲು ಒಪ್ಪಲಿಲ್ಲ. ಯಾವ ಚೌಕ ತಿದ್ದಬೇಕು, ಹೇಳಿ ಎಂದು ಕೇಳಿದರೆ ಬಂದ ಉತ್ತರದ ತಾತ್ಪರ್ಯ ಇಷ್ಟು: ಇಂಥದ್ದು ಎಂದು ಬೊಟ್ಟು ಮಾಡುವಂಥದ್ದಿಲ್ಲ, ಚಿತ್ರ ಬರೆದಿರುವ ಶೈಲಿಯೇ ಸರಿಯಿಲ್ಲ.

ಓನೀಲ್ ಅವರ ಬಗ್ಗೆ ಬಂದಿರುವ ವಿಮರ್ಶೆಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ ಎನ್ನಬೇಕು. ಅವರ ಚಿತ್ರ ಕಂಡರೆ ಕೆಲವರು ಪುಟ ಮಗುಚುತ್ತಾರೆ, ಕೆಲವರು ಭೂತಗನ್ನಡಿ ಹಿಡಿದು ಕೂರುತ್ತಾರೆ. ಎರಡಕ್ಕೂ ಕಾರಣ ಕತೆಯಲ್ಲಿಲ್ಲ, ಗೀಟಿನಲ್ಲಿದೆ.

ಮೊದಲು ಕೋಡ್ ವಿಷಯ. ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಿದ್ದಾರೆ ಎಂಬ ಗದ್ದಲ 1954ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯವರೆಗೆ ಹೋಯಿತು. ಸರ್ಕಾರ ಕೈಹಾಕುವ ಮೊದಲೇ ಪ್ರಕಾಶಕರು ತಮಗೆ ತಾವೇ ಮೂಗುದಾರ ಹಾಕಿಕೊಂಡರು. ಪೊಲೀಸರನ್ನು, ನ್ಯಾಯಾಧೀಶರನ್ನು ಹಗುರಾಗಿ ತೋರಿಸುವಂತಿಲ್ಲ, ಕೊನೆಗೆ ಒಳ್ಳೆಯದೇ ಗೆಲ್ಲಬೇಕು, ರಕ್ತಪಿಶಾಚಿ ಬೇಡ, ತೋಳಮನುಷ್ಯ ಬೇಡ. 1971ರಲ್ಲಿ ಕೆಲವು ಸಡಿಲವಾದವು. ಮೊಹರಿಲ್ಲದ ಪುಸ್ತಕವನ್ನು ವಿತರಕರು ಮುಟ್ಟುತ್ತಿರಲಿಲ್ಲವಾದ್ದರಿಂದ ಆ ಅಂಚೆಚೀಟಿಯಷ್ಟು ಗುರುತಿಗೆ ಅಷ್ಟು ಬೆಲೆ. ‘ಬೀಭತ್ಸ ಚಿತ್ರ ಬೇಡ’ ಎಂಬ ನಿಯಮವೂ ಇತ್ತು, ನಿಜ. ಆದರೆ ಅದನ್ನು ಹೂಡಬೇಕಾದರೆ ಇದೇ ಚಿತ್ರ, ಇದೇ ಚೌಕ ಎಂದು ತೋರಿಸಬೇಕು. ‘ಟೈಗರ್ಸ್’ ವಿಷಯದಲ್ಲಿ ಅದು ಆಗಲಿಲ್ಲ.

ಡಿಸಿ ಮೊಹರಿಲ್ಲದೆಯೇ ಅಚ್ಚು ಹಾಕಿತು. ಹತ್ತು ವರ್ಷ ಹಿಂದಾಗಿದ್ದರೆ ಹಾಕುತ್ತಿತ್ತೆ ಎಂಬುದು ಅನುಮಾನ. ಅಷ್ಟರಲ್ಲಿ ಕಾಮಿಕ್ಸ್ ಮಾತ್ರವೇ ಮಾರುವ ಅಂಗಡಿಗಳು ಹುಟ್ಟಿಕೊಂಡಿದ್ದವು, ಅವಕ್ಕೆ ಮೊಹರಿನ ಹಂಗಿರಲಿಲ್ಲ. ಮೂರ್ ಬರೆಯುತ್ತಿದ್ದ ‘ಸ್ವಾಂಪ್ ಥಿಂಗ್’ 1984ರಲ್ಲೇ ಹಾಗೆ ಹೊರಬಂದು ದಾರಿ ಮಾಡಿಕೊಟ್ಟಿತ್ತು.

ಓನೀಲ್ ಹುಟ್ಟಿದ್ದು 1953ರಲ್ಲಿ, ಲಂಡನ್ನಿನಲ್ಲಿ. ಹದಿನಾರಕ್ಕೇ ಐಪಿಸಿ ಎಂಬ ಪ್ರಕಾಶನ ಸಂಸ್ಥೆಯಲ್ಲಿ, ‘ಬಸ್ಟರ್’ ಎಂಬ ಮಕ್ಕಳ ವಾರಪತ್ರಿಕೆಯ ಆಫೀಸ್ ಬಾಯ್. 1977ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯಿಂದ ‘2000 ಎಡಿ’ ಎಂಬ ಕಾಮಿಕ್ಸ್ ವಾರಪತ್ರಿಕೆ ಶುರುವಾದಾಗ ಅದರ ಕಲಾ ವಿಭಾಗಕ್ಕೆ ಬಂದರು. ಆ ಕಾಲದ ಬ್ರಿಟಿಷ್ ಕಾಮಿಕ್ಸ್‌ನಲ್ಲಿ ಬರೆದವರ ಹೆಸರು, ಚಿತ್ರ ಬರೆದವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಪುಟ ಕಟ್ಟುವ ಕೈ ತನ್ನದೇ ಇದ್ದುದರಿಂದ ಓನೀಲ್ ಮೇಲಿನವರ ಅಪ್ಪಣೆಗೆ ಕಾಯದೆ ಹೆಸರಿನ ಚೀಟಿಗಳನ್ನು ತೂರಿಸಿಬಿಟ್ಟರು. ಅವರ ಚಿತ್ರ ಮೆಚ್ಚದವರೂ ಈ ಉಪಕಾರ ಮರೆಯಬಾರದು.

ಆ ಪತ್ರಿಕೆಗೆ ಪ್ಯಾಟ್ ಮಿಲ್ಸ್ ಕತೆ ಬರೆದ ‘ನೆಮೆಸಿಸ್ ದ ವಾರ್‌ಲಾಕ್’ನಲ್ಲಿ ಈ ಗೀಟು ಪೂರ್ತಿ ಬಲಿತದ್ದು. 1980ರ ಮೊದಲ ಕಂತು ‘ಟೆರರ್ ಟ್ಯೂಬ್’ನಲ್ಲಿ ಕಥಾನಾಯಕನ ಮುಖವೇ ಕಾಣುವುದಿಲ್ಲ. ಕಾಣುವುದು ಅವನ ವಾಹನ ಮತ್ತು ಕರುಳಿನ ಹಾಗೆ ಸುತ್ತಿಕೊಂಡ ಕೊಳವೆ ರಸ್ತೆಗಳು. ಆಮೇಲೆ ಮುಖ ಕಂಡಾಗ ಅದು ಗೊರಸಿನ ಕಾಲಿನ, ಉದ್ದ ಮೂತಿಯ ಅನ್ಯಗ್ರಹದ ಜೀವಿ. ಎದುರಾಳಿ ಟಾರ್ಕೆಮಾಡಾ ಮನುಷ್ಯ. ನಾಯಕ ರಾಕ್ಷಸ, ಮನುಷ್ಯ ಖಳ. ಹತ್ತು ವರ್ಷದ ಹುಡುಗರ ಪತ್ರಿಕೆಯಲ್ಲಿ!

ಈ ಶೈಲಿಯ ಮೂಳೆ ಎಣಿಸುವುದು ಕಷ್ಟವಲ್ಲ. ಮನುಷ್ಯನ ಮೈಯಲ್ಲಿ ದುಂಡಗಿರುವುದನ್ನೆಲ್ಲ ಅವರು ಮೂಲೆಯಾಗಿಸುತ್ತಾರೆ. ಮೊಣಕೈ, ಗಲ್ಲ, ಭುಜ ಮೂರೂ ತ್ರಿಕೋನ. ಬಟ್ಟೆಯ ಮಡಿಕೆ ಬಟ್ಟೆಯಂತೆ ಇಳಿಬೀಳುವುದಿಲ್ಲ, ತಗಡು ಮಡಚಿದಂತೆ ನಿಲ್ಲುತ್ತದೆ. ಇತ್ತ ಕಟ್ಟಡ, ಯಂತ್ರಗಳಲ್ಲಿ ಅದಕ್ಕೆ ತಿರುಗುಮುರುಗು: ಗೋಡೆಗೆ ಹಲ್ಲು, ಹಡಗಿಗೆ ಕಣ್ಣು. ಜೀವವಿರುವುದು ಬಿರುಸಾಗಿ, ಜೀವವಿಲ್ಲದ್ದು ಮೈ ತಳೆದು ನಿಂತಾಗ ಒಂದು ಹನಿ ರಕ್ತ ತೋರಿಸದಿದ್ದರೂ ಓದುಗನ ಹೊಟ್ಟೆ ತೊಳಸುತ್ತದೆ. ಕೋಡ್‌ನವರಿಗೆ ಚೌಕ ತೋರಿಸಲು ಆಗದೇ ಹೋದದ್ದು ಇದಕ್ಕೇ ಇರಬೇಕು. ತಿದ್ದುವುದಾದರೆ ಪ್ರತಿ ಗೀಟನ್ನೂ ತಿದ್ದಬೇಕಿತ್ತು.

ಇದನ್ನು ಅನುಕರಿಸಲು ಹೊರಟವರು ಸಾಮಾನ್ಯವಾಗಿ ಮುಗ್ಗರಿಸುವುದು ಅಚ್ಚಿನಲ್ಲಿ. ಅಮೆರಿಕದ ಕಾಮಿಕ್ಸ್ ಪುಟವನ್ನು 10 ಇಂಚು ಅಗಲ, 15 ಇಂಚು ಎತ್ತರದ ಚೌಕಟ್ಟಿನಲ್ಲಿ ಬರೆಯುವುದು ರೂಢಿ. ಅಚ್ಚಾಗುವಾಗ ಅದು ಸುಮಾರು 6 ಇಂಚು, 9 ಇಂಚಿಗೆ ಇಳಿಯುತ್ತದೆ. ನೆರಳಿಗೆಂದು ಅರ್ಧ ಮಿಲಿಮೀಟರ್ ಬಿಟ್ಟು ಬಿಟ್ಟು ಗೀಟೆಳೆದಿದ್ದರೆ ನಡುವಿನ ಸಂದು 0.3 ಮಿಲಿಮೀಟರ್ ಆಗುತ್ತದೆ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಹೀರಿ ಎರಡೂ ಕಡೆಯಿಂದ ಹರಡಿದರೆ ಆ ಸಂದೂ ಮುಚ್ಚಿ, ನೆರಳು ಇರಬೇಕಾದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಓನೀಲ್ ಪುಟ ಕಿಕ್ಕಿರಿದಿದ್ದರೂ ಹೀಗೆ ಕಟ್ಟಿಕೊಳ್ಳುವುದು ಕಡಿಮೆ. ಮುಂದೆ ನಿಂತ ಆಕೃತಿಗೆ ದಪ್ಪ ಹೊರಗೀಟು, ಹಿಂದಿನ ಗದ್ದಲಕ್ಕೆ ತೆಳು ಗೀಟು, ಅಲ್ಲಲ್ಲಿ ಕಣ್ಣಿಗೆ ಬಿಡುವು ಕೊಡಲು ಅಚ್ಚ ಕಪ್ಪಿನ ಅಥವಾ ಅಚ್ಚ ಬಿಳಿಯ ಒಂದು ದೊಡ್ಡ ತುಂಡು. ಅನುಕರಿಸುವವರು ಹಿಂದಿನ ಗದ್ದಲವನ್ನು ಎತ್ತಿಕೊಳ್ಳುತ್ತಾರೆ, ಈ ಬಿಡುವನ್ನು ಬಿಡುತ್ತಾರೆ.

ಇನ್ನೊಂದು ತೊಂದರೆ ಸಮಯದ್ದು. ವಾರಪತ್ರಿಕೆಯ ಗಡುವು ಯಾರಿಗೂ ಕಾಯುವುದಿಲ್ಲ, ಈ ಬಗೆಯ ಪುಟ ಅವಸರಕ್ಕೆ ಬಗ್ಗುವುದಿಲ್ಲ. ‘ನೆಮೆಸಿಸ್’ನ ಎರಡನೆಯ ಭಾಗಕ್ಕೆ ಹೆಸುಸ್ ರೆಡೊಂಡೊ ಚಿತ್ರ ಬರೆದರು, ಮೂರಕ್ಕೆ ಓನೀಲ್ ಮರಳಿದರು, ನಾಲ್ಕನೆಯದನ್ನು ಶುರುಮಾಡಿ ಬ್ರಯಾನ್ ಟಾಲ್ಬಟ್ ಕೈಗೆ ಬಿಟ್ಟರು. ರೆಡೊಂಡೊ ಪುಟಗಳು ನಯವಾಗಿವೆ, ಚೆನ್ನಾಗಿಯೂ ಇವೆ. ಆದರೆ ನೆಮೆಸಿಸ್ ಅಲ್ಲಿ ಬರೀ ಒಂದು ವಿಚಿತ್ರ ಪ್ರಾಣಿ.

ಮಿಲ್ಸ್ ಜೊತೆಗೇ 1987ರಲ್ಲಿ ‘ಮಾರ್ಷಲ್ ಲಾ’ ಬಂತು. ಸೂಪರ್‌ಹೀರೋಗಳನ್ನೇ ಬೇಟೆಯಾಡುವ, ತೋಳಿಗೆ ಮುಳ್ಳುತಂತಿ ಸುತ್ತಿಕೊಂಡ ಪೊಲೀಸನ ಕತೆ. ಇದು ಕೈ ಮೀರಿದ ಅಬ್ಬರ ಅನ್ನುವವರೊಂದಿಗೆ ಜಗಳ ಬೇಡ. ಚಿತ್ರದ ಹಿಂಬದಿಯ ಗೋಡೆಬರಹ ಓದುವಷ್ಟರಲ್ಲಿ ಪಾತ್ರಗಳ ಮಾತು ಮರೆತುಹೋಗುತ್ತದೆ.

ಆ ಅಬ್ಬರ ಇಳಿದದ್ದು 1999ರಲ್ಲಿ, ಮೂರ್ ಜೊತೆ ಶುರುಮಾಡಿದ ‘ದ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜೆಂಟಲ್‌ಮೆನ್’ನಲ್ಲಿ. ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳ ಪಾತ್ರಗಳೆಲ್ಲ ಒಂದೇ ತಂಡ. ಬಣ್ಣ ತುಂಬಿದವರು ಬೆನ್ ಡಿಮಗ್ಮಾಲಿವ್. ನೆರಳಿನ ಕೆಲಸ ಬಣ್ಣಕ್ಕೆ ಹೋದ ಮೇಲೆ ಓನೀಲ್ ಗೀಟುಗಳು ಅರ್ಧಕ್ಕರ್ಧ ಕಡಿಮೆಯಾದವು, ಮೂಲೆಗಳು ಮಾತ್ರ ಹಾಗೇ ಉಳಿದವು. ನಮಗೆ ಇಲ್ಲೊಂದು ನಂಟೂ ಇದೆ. ಜೂಲ್ಸ್ ವರ್ನ್ ತನ್ನ ಕ್ಯಾಪ್ಟನ್ ನೆಮೊನನ್ನು ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್ ಎಂದು, ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ ಎಂದು ಬರೆದಿದ್ದಾನೆ. ಸಿನಿಮಾಗಳು ಬಹಳ ಕಾಲ ಅವನನ್ನು ಬಿಳಿಯನಾಗಿಸಿದ್ದವು. ಓನೀಲ್ ಅವನಿಗೆ ಭಾರತೀಯ ಮೈಬಣ್ಣ ಮರಳಿಸಿ, ಸಿಖ್ಖರ ಪೇಟ ತೊಡಿಸಿದರು. ಪೇಟ ವರ್ನ್‌ದಲ್ಲ, ಇವರ ಪಾಲು. ನಾಟಿಲಸ್ ನೌಕೆ ಉಕ್ಕಿನ ಕೊಳವೆಯಲ್ಲ, ಸೊಂಡಿಲು ಚಾಚಿದ ದೈತ್ಯ ಸ್ಕ್ವಿಡ್. ಹಡಗಿಗೆ ಕಣ್ಣು ಇಡುವ ಹಳೆಯ ಚಾಳಿ ಇಲ್ಲಿ ಹದವಾಗಿ ಕೂತಿತು.

ಮೆಚ್ಚದವರ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಓನೀಲ್‌ಗೆ ಸುಂದರ ಮುಖ ಒಗ್ಗುತ್ತಿರಲಿಲ್ಲ. ಮೃದುವಾದ ಸಂಭಾಷಣೆಯಲ್ಲೂ ಪಾತ್ರಗಳು ಸೆಟೆದು ನಿಲ್ಲುತ್ತವೆ. ‘ಲೀಗ್’ ತಂಡದ ಮಿನಾ ಮರ್ರೆಯಂಥ ಬಿಗುಮಾನದ ವಿಕ್ಟೋರಿಯನ್ ಹೆಂಗಸಿಗೆ ಆ ಸೆಟೆತ ಒಪ್ಪುತ್ತದೆ, ಅದೇ ಕತೆ 1969ಕ್ಕೆ ಜಿಗಿದಾಗ ಅಷ್ಟಾಗಿ ಒಪ್ಪುವುದಿಲ್ಲ. ಹೊಸದಾಗಿ ಓದುವವರು ‘ಲೀಗ್’ನ ಮೊದಲ ಸಂಪುಟದಿಂದ ಹಿಡಿದು ಆಮೇಲೆ ‘ನೆಮೆಸಿಸ್’ಗೆ ಹಿಂದೆ ಹೋಗುವುದು ವಾಸಿ. ನೇರ ‘ಮಾರ್ಷಲ್ ಲಾ’ಗೆ ಇಳಿದವರು ಹಲವರು ಅಲ್ಲಿಂದಲೇ ವಾಪಸ್. ‘ಲೀಗ್’ 2019ರವರೆಗೂ ನಡೆಯಿತು. ಓನೀಲ್ 2022ರ ನವೆಂಬರ್‌ನಲ್ಲಿ, 69ನೇ ವಯಸ್ಸಿಗೆ ತೀರಿಕೊಂಡರು. ಡಿಸಿ ಕೋಡ್ ಮೊಹರನ್ನು ಕೈಬಿಟ್ಟದ್ದು 2011ರಲ್ಲಿ.

‘ಲೀಗ್’ಗೂ ಒಮ್ಮೆ ಕತ್ತರಿ ಬಿತ್ತು. ಹಳೆಯ ಕಾಲದ ಪತ್ರಿಕೆಯ ಗತ್ತು ಬರಲೆಂದು ಅದರ ಸಂಚಿಕೆಗಳಲ್ಲಿ ಹಳೆಯ ಜಾಹೀರಾತುಗಳನ್ನು ಹಾಕುತ್ತಿದ್ದರು. 2000ದಲ್ಲಿ ಐದನೆಯ ಸಂಚಿಕೆಯಲ್ಲಿ ‘ಮಾರ್ವೆಲ್’ ಹೆಸರಿನ, ಹೆಂಗಸರು ಬಳಸುವ ಪಿಚಕಾರಿಯೊಂದರ ನಿಜವಾದ ಜಾಹೀರಾತಿತ್ತು. ‘ಲೀಗ್’ ಆಗ ಡಿಸಿಯ ಕೈಯಲ್ಲಿತ್ತು, ಡಿಸಿಯ ಎದುರಾಳಿ ಕಾಮಿಕ್ಸ್ ಸಂಸ್ಥೆಯ ಹೆಸರೂ ಮಾರ್ವೆಲ್. ಡಿಸಿ ಅಚ್ಚಾದ ಪ್ರತಿಗಳನ್ನು ನಾಶಮಾಡಿಸಿ, ‘ಅಮೇಜ್’ ಎಂದು ಹೆಸರು ತಿದ್ದಿ ಮತ್ತೆ ಅಚ್ಚು ಹಾಕಿತು. ಈ ಸಲ ತಪ್ಪು ಕಂಡದ್ದು ಓನೀಲ್ ಎಳೆಯದ ಗೀಟಿನಲ್ಲಿ.