ಚಾಂಪಿಯನ್ನರ ಚಟಾಕಿಯಲ್ಲಿ ಅಡಗಿದ ಕಾಲ್ಚಳಕ

"ಅವನು ಓಡಬಹುದು, ಆದರೆ ಬಚ್ಚಿಟ್ಟುಕೊಳ್ಳಲಾರ." 1946ರಲ್ಲಿ ಬಿಲ್ಲಿ ಕಾನ್ ಜೊತೆಗಿನ ಎರಡನೇ ಪಂದ್ಯಕ್ಕೆ ಮುನ್ನ ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಆಡಿದ ಮಾತಿದು. ಕೇಳಿದವರಿಗೆ ಬೆದರಿಕೆ ಅನ್ನಿಸುತ್ತದೆ. ನನಗೆ ಇದು ಕಾಲಿನ ಪಾಠ.

1941ರ ಮೊದಲ ಪಂದ್ಯದಲ್ಲಿ ಕಾನ್ ಹತ್ತು ಕಿಲೋಗೂ ಹೆಚ್ಚು ಹಗುರ. ಕಾಲ ಚುರುಕಿನಿಂದಲೇ 12 ಸುತ್ತು ಮುಗಿಯುವಾಗ ಅಂಕದಲ್ಲಿ ಮುಂದಿದ್ದ. 13ರಲ್ಲಿ ನಾಕೌಟ್ ಆಸೆಗೆ ನಿಂತು ಹೊಡೆದಾಡಲು ಹೋಗಿ ತಾನೇ ಮಲಗಿದ. ಮುಂದೊಮ್ಮೆ ಪಟ್ಟವನ್ನು ಸ್ವಲ್ಪ ದಿನ ನನ್ನ ಬಳಿ ಬಿಡಬಾರದಿತ್ತೇ ಎಂದು ಕಾನ್ ಕೇಳಿದ್ದಕ್ಕೆ, "ಹನ್ನೆರಡು ಸುತ್ತು ನಿನ್ನ ಹತ್ತಿರವೇ ಇತ್ತಲ್ಲ, ಉಳಿಸಿಕೊಳ್ಳಲಿಲ್ಲ" ಅಂದರಂತೆ ಲೂಯಿಸ್. ಎರಡನೇ ಪಂದ್ಯ ಎಂಟನೇ ಸುತ್ತಿಗೇ ಮುಗಿಯಿತು.

ಓಡುವವನನ್ನು ಹಿಡಿಯುವುದು ಹೇಗೆ? ಬೆನ್ನಟ್ಟಬೇಡಿ. 20 ಅಡಿ ಚೌಕದ ರಿಂಗ್‌ನಲ್ಲಿ ಅವನು ಹಗ್ಗದ ಗುಂಟ ಸುತ್ತುತ್ತಾನೆ. ನೀವು ನಡುವಿನಲ್ಲಿದ್ದರೆ ಅವನ ಮೂರು ಹೆಜ್ಜೆಗೆ ನಿಮ್ಮದು ಒಂದು ಸಾಕು. ಅವನು ನಿಮ್ಮ ಎಡಕ್ಕೆ ಸರಿದರೆ ನಿಮ್ಮ ಎಡಗಾಲು ಮೊದಲು ಅರ್ಧ ಅಡಿ ಪಕ್ಕಕ್ಕೆ, ಅದರ ಬೆನ್ನಿಗೇ ಬಲಗಾಲೂ ಅಷ್ಟೇ ದೂರ. ಬಲಕ್ಕೆ ಸರಿದರೆ ಬಲಗಾಲು ಮೊದಲು. ಇಲ್ಲಿ ಬಹುತೇಕ ಹುಡುಗರು ಕಾಲು ಅಡ್ಡಡ್ಡ ಹಾಕುತ್ತಾರೆ. ಆ ಕ್ಷಣದಲ್ಲಿ ಸಾಧಾರಣ ಜ್ಯಾಬ್ (ಮುಂದಿರುವ ಕೈಯ ನೇರ ಗುದ್ದು) ಬಿದ್ದರೂ ಆಯ ತಪ್ಪುತ್ತದೆ. ಅವನು ಮೂಲೆ ಸೇರಿದ ಮೇಲೆ ನುಗ್ಗದೆ ಒಂದು ತೋಳಿನ ದೂರದಲ್ಲಿ ನಿಲ್ಲಿ. ಎಡಕ್ಕೆ ನುಸುಳಿದರೆ ಎಡಗೈ ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಗುದ್ದು), ಬಲಕ್ಕಾದರೆ ಬಲಗೈ ಹೊಟ್ಟೆಗೆ. ಅಭ್ಯಾಸಕ್ಕೆ ಗುದ್ದೇ ಬೇಡ: ಮೂರು ನಿಮಿಷ ಒಬ್ಬ ತಪ್ಪಿಸಿಕೊಳ್ಳಲಿ, ಇನ್ನೊಬ್ಬ ಬರೀ ಹೆಜ್ಜೆಯಿಂದ ಮೂಲೆಗೆ ತಳ್ಳಲಿ.

ಲೂಯಿಸ್‌ಗಿಂತ ಹಿಂದಿನ ಹೆವಿವೇಟ್ ಚಾಂಪಿಯನ್ ಜ್ಯಾಕ್ ಡೆಂಪ್ಸಿಯ ಮಾತು ಇನ್ನೂ ಚಿಕ್ಕದು. 1926ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಜೀನ್ ಟನ್ನಿಗೆ ಪಟ್ಟ ಸೋತು, ಮುಖ ಊದಿಸಿಕೊಂಡು ಬಂದವನು ಏನಾಯಿತೆಂದು ಕೇಳಿದ ಹೆಂಡತಿಗೆ ಹೇಳಿದ್ದು: "ಚಿನ್ನಾ, ತಗ್ಗೋದನ್ನೇ ಮರೆತೆ."

ತಗ್ಗುವುದೆಂದರೆ ಸೊಂಟ ಬಗ್ಗಿಸುವುದಲ್ಲ. ಸೊಂಟ ಬಗ್ಗಿದರೆ ಕಣ್ಣು ನೆಲ ನೋಡುತ್ತದೆ, ಕೆಳಗಿನಿಂದ ಬರುವ ಅಪ್ಪರ್‌ಕಟ್ ಕಾಣುವುದೇ ಇಲ್ಲ. ಎರಡು ಕಂಬಕ್ಕೆ ನಿಮ್ಮ ಭುಜದ ಎತ್ತರದಲ್ಲಿ ಹಗ್ಗ ಕಟ್ಟಿ. ಗಲ್ಲ ಎದೆಯತ್ತ, ಎರಡೂ ಕೈ ಕೆನ್ನೆಗೆ, ನೋಟ ಎದುರಾಳಿಯ ಎದೆಯ ಮೇಲೆ. ಮಂಡಿ ಮಡಿಸಿ ಹಗ್ಗದಡಿ ಹಾದು ಆಚೆ ಏಳಿ. ತಲೆ ಹಗ್ಗಕ್ಕಿಂತ ನಾಲ್ಕು ಬೆರಳು ಕೆಳಗಿದ್ದರೆ ಸಾಕು. ಅದಕ್ಕಿಂತ ಕುಸಿದರೆ ಏಳುವಷ್ಟರಲ್ಲಿ ಮುಂದಿನ ಗುದ್ದು ತಲುಪಿರುತ್ತದೆ. ಎಡಕ್ಕೆ ಎದ್ದಾಗ ಭಾರವೆಲ್ಲ ಎಡಗಾಲಿನ ಮೇಲಿರುತ್ತದೆ, ಹುಕ್ ಅಲ್ಲಿಂದಲೇ ಹೊರಡಲಿ.