ಮುತ್ತುಗಕ್ಕೆ ಮಾನೋಸ್ಪರ್ಮಾ ಎಂಬ ಹೆಸರು ನಿಂತದ್ದು

ಹಳೆಯ ಸಸ್ಯಗ್ರಂಥಗಳಲ್ಲಿ ಮುತ್ತುಗದ ಮರ ಬ್ಯೂಟಿಯಾ ಫ್ರಾಂಡೋಸಾ ಎಂದಿದ್ದರೆ, ಇಂದಿನವುಗಳಲ್ಲಿ ಅದು ಬ್ಯೂಟಿಯಾ ಮಾನೋಸ್ಪರ್ಮಾ. ಎಲೆ ಉದುರಿದ ಬೋಳು ಕೊಂಬೆಗಳ ಮೇಲೆ ಬೇಸಿಗೆಯ ಮೊದಲಲ್ಲಿ ಕೆಂಡದಂತೆ ಅರಳುವ ಈ ಮರ ಬದಲಾಗಿಲ್ಲ. ಬದಲಾದದ್ದು ಅದರ ವಿಜ್ಞಾನದ ಹೆಸರು ಮಾತ್ರ. ಇಂಥ ಹೆಸರಿನ ಮೊದಲ ಪದ ಕುಲವನ್ನು, ಅಂದರೆ ಹತ್ತಿರದ ಸಸ್ಯಗಳ ಗುಂಪನ್ನು, ಎರಡನೆಯದು ಆ ಗುಂಪಿನೊಳಗಿನ ಪ್ರಭೇದವನ್ನು ಸೂಚಿಸುತ್ತದೆ.

ಮುಂದೆ ಜೀವವಿಕಾಸದ ಚಿಂತಕನಾಗಿ ಪ್ರಸಿದ್ಧನಾದ ಫ್ರಾನ್ಸಿನ ಲಮಾರ್ಕ್, 1780ರ ದಶಕದಲ್ಲಿ ಈ ಮರವನ್ನು ಹಾಲವಾಣದ ಕುಲಕ್ಕೆ ಸೇರಿಸಿ ಎರಿತ್ರಿನಾ ಮಾನೋಸ್ಪರ್ಮಾ ಎಂದು ಕರೆದನು. ಇದನ್ನು ಅವಸರದ ತೀರ್ಮಾನ ಎನ್ನಲಾಗದು. ಎರಡೂ ಅವರೆಯ ಕುಟುಂಬದವು, ಎರಡರಲ್ಲಿಯೂ ಒಂದು ತೊಟ್ಟಿಗೆ ಮೂರು ಕಿರುಎಲೆಗಳು, ಎರಡರ ಕೆಂಪು ಹೂವಿಗೂ ಮಕರಂದ ಅರಸಿ ಹಕ್ಕಿಗಳು ಬರುತ್ತವೆ. ಆದರೆ ಹೂವನ್ನು ಬಿಡಿಸಿ ನೋಡಿದರೆ ಅಂತರ ಸ್ಪಷ್ಟವಾಗುತ್ತದೆ: ಹಾಲವಾಣದಲ್ಲಿ ಮೇಲಿನ ಅಗಲವಾದ ಎಸಳು ಎದ್ದು ಕಾಣುತ್ತದೆ, ಕೆಳಗಿನ ದೋಣಿಯಾಕಾರದ ಎಸಳುಗಳು ಚಿಕ್ಕವು, ಮುತ್ತುಗದಲ್ಲಿ ಆ ದೋಣಿಯೇ ದೊಡ್ಡದಾಗಿ ಬೆಳೆದು ಗಿಣಿಯ ಕೊಕ್ಕಿನಂತೆ ಬಾಗಿರುತ್ತದೆ. ಹಾಲವಾಣಕ್ಕೆ ಮುಳ್ಳುಗಳಿವೆ, ಮುತ್ತುಗಕ್ಕಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಯಿ. ಮುತ್ತುಗದ ಚಪ್ಪಟೆಯಾದ ಕಾಯಿಯ ತುದಿಯಲ್ಲಿ ಒಂದೇ ಒಂದು ಬೀಜವಿದ್ದು, ಉಳಿದ ಭಾಗವೆಲ್ಲ ರೆಕ್ಕೆಯಾಗಿ ಗಾಳಿಗೆ ತೇಲಲು ನೆರವಾಗುತ್ತದೆ. ಲಮಾರ್ಕ್ ಕೊಟ್ಟ ಮಾನೋಸ್ಪರ್ಮಾ ಎಂಬ ಪದ ಸೂಚಿಸುವುದು ಈ ಒಂಟಿ ಬೀಜವನ್ನೇ.

ಭಾರತದಲ್ಲಿ ಮರವನ್ನು ಕಣ್ಣಾರೆ ಕಂಡ ಸಸ್ಯಶಾಸ್ತ್ರಜ್ಞರಾದ ಕೋನಿಗ್ ಮತ್ತು ರಾಕ್ಸ್‌ಬರ್ಗ್ ಅದನ್ನು ಪ್ರತ್ಯೇಕ ಕುಲವೆಂದು ಗುರುತಿಸಿದರು. ಸಸ್ಯಶಾಸ್ತ್ರದ ಪೋಷಕನಾಗಿದ್ದ ಬ್ರಿಟನ್ನಿನ ಬ್ಯೂಟ್ ಪ್ರಭುವಿನ ನೆನಪಿಗೆ ಕುಲವು ಬ್ಯೂಟಿಯಾ ಆಯಿತು, ಪ್ರಭೇದ ಫ್ರಾಂಡೋಸಾ ಆಯಿತು. ನಮ್ಮ ಕಾಡುಮರವೊಂದು ಅದನ್ನು ಕಂಡಿರದ ದೊರೆಯ ಹೆಸರನ್ನು ಹೊತ್ತದ್ದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಆದರೂ ಕುಲವನ್ನು ಬೇರ್ಪಡಿಸಿದ ಅವರ ನಿರ್ಧಾರ ಸರಿಯಾದದ್ದೇ.

ಫ್ರಾಂಡೋಸಾ ಉಳಿಯದಿರಲು ಕಾರಣ ಆದ್ಯತೆಯ ನಿಯಮ. ಒಂದು ಪ್ರಭೇದವನ್ನು ಒಂದು ಕುಲದಿಂದ ಇನ್ನೊಂದಕ್ಕೆ ವರ್ಗಾಯಿಸಿದರೂ, ಅದಕ್ಕೆ ಕ್ರಮಬದ್ಧವಾಗಿ ಮೊದಲು ಕೊಟ್ಟ ಪ್ರಭೇದಸೂಚಕ ಪದವನ್ನು ಸಾಮಾನ್ಯವಾಗಿ ಕೈಬಿಡುವಂತಿಲ್ಲ. 1894ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಟೌಬರ್ಟ್ ಲಮಾರ್ಕನ ಪದವನ್ನೂ ರಾಕ್ಸ್‌ಬರ್ಗನ ಕುಲವನ್ನೂ ಜೋಡಿಸಿದನು. ಸಸ್ಯಗ್ರಂಥಗಳಲ್ಲಿ ಈ ಹೆಸರಿನ ನಂತರ ಲಮಾರ್ಕನ ಹೆಸರು ಆವರಣದೊಳಗೆ, ಟೌಬರ್ಟನದು ಹೊರಗೆ ಇರುವುದು ಇದೇ ಕಾರಣಕ್ಕೆ.

ಅಪರೂಪಕ್ಕೆ ಹಳದಿ ಹೂ ಬಿಡುವ ಮುತ್ತುಗಗಳೂ ಕಾಣಸಿಗುತ್ತವೆ. ಬಣ್ಣವೊಂದೇ ಬೇರೆಯಾಗಿದ್ದು ಹೂವಿನ ರಚನೆ, ಕಾಯಿ, ಬೀಜ ಎಲ್ಲವೂ ಅವೇ ಆಗಿರುವುದರಿಂದ, ಅವಕ್ಕೆ ಹೊಸ ಪ್ರಭೇದದ ಸ್ಥಾನ ಸಿಗದೆ ಲೂಟಿಯಾ ಎಂಬ ಉಪವಿಧದ ಹೆಸರಷ್ಟೇ ದೊರೆಯಿತು.